ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಹಳೆಯ ವೈಡ್ ಲೆನ್ಸ್: ಮುಂಬಯಿಯಲ್ಲಿ ಆರಿಸುವ ಬಗೆ

ಫೋರ್ಟಿನ ಬೋರಾ ಬಜಾರ್ ಬೀದಿಯಲ್ಲಿ ನಿಂತು ಎದುರಿನ ಹಳೆಯ ಕಟ್ಟಡವನ್ನು 50 ಮಿ.ಮೀ. (ಈ ಸಂಖ್ಯೆ ಚಿಕ್ಕದಾದಷ್ಟು ಕಾಣುವ ಅಗಲ ಹೆಚ್ಚು) ಲೆನ್ಸಿನಲ್ಲಿ ಹಿಡಿಯಲು ಹೋದರೆ ಬೆನ್ನು ಹಿಂದಿನ ಗೋಡೆಗೆ ತಾಗುತ್ತದೆ, ಚಿತ್ರದಲ್ಲಿ ಸಿಗುವುದು ಮಾತ್ರ ಎರಡು ಕಿಟಕಿ, ಅರ್ಧ ಬಾಲ್ಕನಿ. ಮಾಟುಂಗಾದ ಉಡುಪಿ ಹೋಟೆಲಿನ ಒಳಗು, ಲೋಕಲ್ ರೈಲಿನ ಡಬ್ಬಿ, ಗಿರಗಾಂವ್ ಚಾಳಿನ ಉದ್ದನೆಯ ಪಡಸಾಲೆ, ಗಣೇಶೋತ್ಸವದ ಹೊತ್ತಿನ ಲಾಲ್‌ಬಾಗ್, ಇವೆಲ್ಲ ಹತ್ತಿರದಿಂದಲೇ ತೆಗೆಯಬೇಕಾದವು. ಇಲ್ಲಿ ಫಿಲ್ಮ್ ರೇಂಜ್‌ಫೈಂಡರ್ (ಪ್ರತ್ಯೇಕ ಕಿಂಡಿಯಲ್ಲಿ ನೋಡಿ, ಎರಡು ಚಿತ್ರ ಒಂದಾಗುವಂತೆ ಫೋಕಸ್ ಮಾಡುವ ಕ್ಯಾಮೆರಾ) ಇಟ್ಟುಕೊಂಡವರು ಎರಡನೆಯ ಲೆನ್ಸಾಗಿ ವೈಡ್, ಅಂದರೆ ಹೆಚ್ಚು ಅಗಲ ಕಾಣುವ ಲೆನ್ಸ್, ಹುಡುಕುವುದು ಅದಕ್ಕೇ.

ರೇಂಜ್‌ಫೈಂಡರಿನ ರಚನೆಯೂ ವೈಡ್ ಲೆನ್ಸಿಗೆ ಹೇಳಿ ಮಾಡಿಸಿದ್ದು. ಎಸ್‌ಎಲ್‌ಆರ್‌ನಲ್ಲಿ (ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಏಳಬೇಕು, ಬೀಳಬೇಕು. ನಿಕಾನ್ ಎಫ್ ಮೌಂಟಿನಿಂದ (ಲೆನ್ಸ್ ಕೂರುವ ಬಾಯಿ) ಫಿಲ್ಮಿಗೆ 46.5 ಮಿ.ಮೀ. ದೂರವಿದೆ. 28 ಮಿ.ಮೀ. ಲೆನ್ಸನ್ನು ಅಷ್ಟು ದೂರ ಕೂರಿಸಬೇಕಾದರೆ ರೆಟ್ರೋಫೋಕಸ್ ಎಂಬ ದಪ್ಪ ರಚನೆ ಬೇಕು. ಲೈಕಾ ತಿರುಪಿನ ಮೌಂಟಿನಲ್ಲಿ ಈ ದೂರ 28.8 ಮಿ.ಮೀ. ಮಾತ್ರ, ನಡುವೆ ಕನ್ನಡಿಯೂ ಇಲ್ಲ. ಹಿಂದಿನ ಗಾಜು ಫಿಲ್ಮಿನ ಹತ್ತಿರಕ್ಕೇ ಹೋಗಬಹುದು. 1950ರ ದಶಕದ 35, 28 ಮಿ.ಮೀ. ಲೆನ್ಸುಗಳು ಅಂಗೈಯಲ್ಲಿ ಅಡಗುವಷ್ಟು ಚಿಕ್ಕವಾಗಿರುವುದೂ ಕಂಬ, ಕಮಾನುಗಳನ್ನು ಅಷ್ಟಾಗಿ ಬಾಗಿಸದೆ ತೋರಿಸುವುದೂ ಇದರಿಂದಲೇ.

ಕೊಳ್ಳುವವರು ಸಾಮಾನ್ಯವಾಗಿ ಹೆಸರಿನಿಂದ ಶುರುಮಾಡಿ, ಅಪರ್ಚರ್ ಸಂಖ್ಯೆ (ಬೆಳಕು ಬಿಡುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟು ಬೆಳಕು ಹೆಚ್ಚು) ನೋಡಿ, ಕೊನೆಗೆ ಅದು ತಮ್ಮ ಕ್ಯಾಮೆರಾಕ್ಕೆ ಕೂರುತ್ತದೆಯೇ ಎಂದು ಕೇಳುತ್ತಾರೆ. ಕ್ರಮ ಇದರ ತದ್ವಿರುದ್ಧ ಇರಬೇಕು. ಮೊದಲು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಆಮೇಲೆ ವ್ಯೂಫೈಂಡರ್ (ನೋಡುವ ಕಿಂಡಿ), ಆಮೇಲೆ ಒಳಗಾಜಿನ ಸ್ಥಿತಿ, ಎಲ್ಲಕ್ಕಿಂತ ಕೊನೆಗೆ ಹೆಸರು. ಹತ್ತಾರು ಮಳೆಗಾಲ ಕಂಡ ಲೆನ್ಸುಗಳೇ ಕೈಗೆ ಬರುವ ಈ ಕಡಲ ಊರಿನಲ್ಲಿ ಒಳಗಾಜು ಶುಭ್ರವಾಗಿರುವ ಎಫ್/3.5 ಲೆನ್ಸು, ಮಬ್ಬು ಕಟ್ಟಿದ ಎಫ್/1.8 ಲೆನ್ಸಿಗಿಂತ ಯಾವತ್ತೂ ಮೇಲು.

ಮೊದಲು ಬಾಡಿ ನೋಡಿ

ನಿಮ್ಮ ಕ್ಯಾಮೆರಾದ ಲೆನ್ಸ್ ಬಿಚ್ಚಲು ಬರುತ್ತದೆಯೇ ನೋಡಿಕೊಳ್ಳಿ. ಯಾಶಿಕಾ ಎಲೆಕ್ಟ್ರೋ 35, ಕ್ಯಾನನೆಟ್ ಮುಂತಾದವು ರೇಂಜ್‌ಫೈಂಡರುಗಳೇ ಹೌದು, ಆದರೆ ಲೆನ್ಸು ಬಾಡಿಗೆ ಕಾಯಂ. ಅವಕ್ಕೆ ಮುಂದೆ ತಿರುಗಿಸಿ ಹಾಕುವ ವೈಡ್ ಕನ್ವರ್ಟರ್ ಸಿಗುತ್ತದೆ. ಅದು ಕೋನವನ್ನು ಸ್ವಲ್ಪ ಹಿಗ್ಗಿಸುತ್ತದೆ, ಅಂಚುಗಳನ್ನು ಕೆಡಿಸುತ್ತದೆ. ಅದಕ್ಕೆ ದುಡ್ಡು ಹಾಕುವ ಬದಲು ಲೆನ್ಸ್ ಬದಲಿಸಬಹುದಾದ ಬಾಡಿಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಲೆನ್ಸ್ ಬದಲಿಸಬಹುದಾದವುಗಳಲ್ಲಿ ಮೂರು ಕುಟುಂಬಗಳಿವೆ. 39 ಮಿ.ಮೀ. ವ್ಯಾಸದ ಲೈಕಾ ತಿರುಪಿನ ಮೌಂಟ್ ಎಲ್ಲಕ್ಕಿಂತ ಹರಡಿರುವುದು. ಲೈಕಾದ ಹಳೆಯ ಬಾಡಿಗಳು, ಕ್ಯಾನನ್ ಪಿ, ಕ್ಯಾನನ್ 7, ಸೋವಿಯತ್ ಝೋರ್ಕಿ ಮತ್ತು ಫೆಡ್ ಎಲ್ಲ ಇದರಲ್ಲಿವೆ. ಎರಡನೆಯದು 1954ರಲ್ಲಿ ಎಂ3 ಜೊತೆ ಬಂದ ಲೈಕಾ ಎಂ ಬಯೊನೆಟ್ (ತುಸು ತಿರುಗಿಸಿದರೆ ಕಚ್ಚಿಕೊಳ್ಳುವ ಮೌಂಟ್). ಅಲ್ಲಿಂದ ಫಿಲ್ಮಿಗೆ ದೂರ 27.8 ಮಿ.ಮೀ., ಅಂದರೆ ತಿರುಪಿನ ಮೌಂಟಿಗಿಂತ ಸರಿಯಾಗಿ 1 ಮಿ.ಮೀ. ಕಡಿಮೆ. ಒಂದು ಮಿಲಿಮೀಟರ್ ದಪ್ಪದ ಅಡಾಪ್ಟರ್ ಉಂಗುರ ಹಾಕಿದರೆ ತಿರುಪಿನ ಲೆನ್ಸುಗಳೆಲ್ಲ ಎಂ ಬಾಡಿಗೆ ರೇಂಜ್‌ಫೈಂಡರ್ ಸಮೇತ ಕೂರುತ್ತವೆ. ಎಂ ಲೆನ್ಸನ್ನು ತಿರುಪಿನ ಬಾಡಿಗೆ ಹಾಕಲು ಮಾತ್ರ ಬರುವುದಿಲ್ಲ. ಹಾಗಾಗಿ ಮುಂದೆ ಎಂದಾದರೂ ಲೈಕಾ ಎಂ ಕೊಳ್ಳುವ ಆಸೆಯಿದ್ದವರೂ ಈಗ ತಿರುಪಿನ ಲೆನ್ಸ್ ಕೊಂಡರೆ ನಷ್ಟವಿಲ್ಲ. ಮೂರನೆಯದು ಕಾಂಟ್ಯಾಕ್ಸ್ ಬಯೊನೆಟ್: ಕಾಂಟ್ಯಾಕ್ಸ್, ಕೀವ್, ಮತ್ತು ಅದರ ಹತ್ತಿರದ ಬಂಧುವಾದ ನಿಕಾನ್ ಎಸ್ ಸರಣಿ. ಕಾಂಟ್ಯಾಕ್ಸಿಗೂ ನಿಕಾನಿಗೂ ಫೋಕಸ್ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸವಿದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸುಗಳಲ್ಲಿ ಅದು ಕಾಡುತ್ತದೆ. 35 ಮಿ.ಮೀ. ಮತ್ತು ಅದಕ್ಕಿಂತ ಅಗಲದವುಗಳಲ್ಲಿ ಡೆಪ್ತ್ ಆಫ್ ಫೀಲ್ಡ್ (ಸ್ಪಷ್ಟವಾಗಿ ಕಾಣುವ ದೂರದ ಹರವು) ಅದನ್ನು ನುಂಗಿಕೊಳ್ಳುತ್ತದೆ.

ಒಂದು ಬಲೆ ಬಗ್ಗೆ ಎಚ್ಚರವಿರಲಿ. 39 ಮಿ.ಮೀ. ತಿರುಪು ಇದ್ದದ್ದೆಲ್ಲ ರೇಂಜ್‌ಫೈಂಡರ್ ಲೆನ್ಸಲ್ಲ. ಹಳೆಯ ಝೆನಿಟ್ ಎಸ್‌ಎಲ್‌ಆರ್‌ಗಳಿಗೂ ಅದೇ ಅಳತೆಯ ತಿರುಪಿತ್ತು, ಆದರೆ ಅಲ್ಲಿಂದ ಫಿಲ್ಮಿಗೆ ದೂರ 45.2 ಮಿ.ಮೀ. ಮಿರ್-1 ಎಂಬ 37 ಮಿ.ಮೀ. ಎಫ್/2.8 ಲೆನ್ಸಿನ ಮೇಲೆ «ಬ್ರಸೆಲ್ಸ್ 1958 ಗ್ರ್ಯಾನ್ ಪ್ರಿ» ಎಂಬ ಬರಹ ಕಂಡು ಝೋರ್ಕಿಗೆಂದು ಕೊಂಡರೆ ಅದು ತಿರುಪಿಗೆ ಸಲೀಸಾಗಿ ಕೂರುತ್ತದೆ, ಚಿತ್ರ ಮಾತ್ರ ಒಂದೂ ಸ್ಪಷ್ಟವಾಗಿ ಬರುವುದಿಲ್ಲ. ಎನ್‌ಲಾರ್ಜರ್ (ನೆಗೆಟಿವಿನಿಂದ ದೊಡ್ಡ ಪ್ರಿಂಟ್ ಮಾಡುವ ಯಂತ್ರ) ಲೆನ್ಸುಗಳಲ್ಲೂ ಅದೇ 39 ಮಿ.ಮೀ. ತಿರುಪು ಇರುತ್ತದೆ. ಗುರುತು ಹಿಡಿಯುವುದು ಸುಲಭ: ಲೆನ್ಸನ್ನು ಹಿಂದುಮುಂದು ಮಾಡಿ ಫೋಕಸ್ ಉಂಗುರ ತಿರುಗಿಸಿ. ತಿರುಪಿನ ಒಳಗಡೆ ಒಂದು ಹಿತ್ತಾಳೆ ಅಥವಾ ಅಲ್ಯುಮಿನಿಯಂ ಉಂಗುರ ಮುಂದೆ ಹಿಂದೆ ಸರಿಯಬೇಕು. ಕ್ಯಾಮೆರಾದ ರೇಂಜ್‌ಫೈಂಡರ್ ತೋಳನ್ನು ಒತ್ತುವ ಕ್ಯಾಮ್ ಅದೇ. ಅದಿಲ್ಲದಿದ್ದರೆ ಲೆನ್ಸನ್ನು ಅಂಗಡಿಯವರಿಗೆ ವಾಪಸು ಕೊಡಿ.

ಕೆಲವು ಲೆನ್ಸುಗಳಲ್ಲಿ ಕ್ಯಾಮ್ ಪೂರ್ತಿ ಉಂಗುರವಾಗಿರುವುದಿಲ್ಲ, ಒಂದು ನಾಲಿಗೆಯಷ್ಟೇ ಇರುತ್ತದೆ. ಲೈಕಾ ಬಾಡಿಯ ತೋಳಿನ ತುದಿಯಲ್ಲಿ ಉರುಳುವ ಚಕ್ರವಿದೆ. ಝೋರ್ಕಿ, ಫೆಡ್‌ಗಳಲ್ಲಿ ಚೂಪಾದ ಲೋಹದ ತುದಿಯಷ್ಟೇ ಇದೆ. ನಾಲಿಗೆಯ ಕ್ಯಾಮು ಈ ತುದಿಗೆ ಸಿಕ್ಕಿಕೊಳ್ಳಬಹುದು. ಸೋವಿಯತ್ ಬಾಡಿ ಇರುವವರು ಲೆನ್ಸನ್ನು ತಮ್ಮ ಬಾಡಿಗೇ ಹಾಕಿ ನೋಡದೆ ಕೊಳ್ಳಬಾರದು.

ಕಣ್ಣಿಗೆ ಕಾಣುವ ಚೌಕಟ್ಟು

ರೇಂಜ್‌ಫೈಂಡರಿನಲ್ಲಿ ನೀವು ಲೆನ್ಸಿನ ಮೂಲಕ ನೋಡುವುದಿಲ್ಲ. ಲೆನ್ಸ್ ಎಷ್ಟು ಅಗಲ ಕಂಡರೂ ವ್ಯೂಫೈಂಡರ್ ತನಗೆ ಗೊತ್ತಿರುವಷ್ಟನ್ನೇ ತೋರಿಸುತ್ತದೆ. ಆದ್ದರಿಂದ ಫೋಕಲ್ ಉದ್ದವನ್ನು (50, 35, 28 ಎಂಬ ಮಿ.ಮೀ. ಸಂಖ್ಯೆ) ಬಾಡಿಯ ಫ್ರೇಮ್ ಗೆರೆಗಳೇ, ಅಂದರೆ ವ್ಯೂಫೈಂಡರಿನಲ್ಲಿ ಚಿತ್ರದ ಎಲ್ಲೆ ತೋರಿಸುವ ಗೆರೆಗಳೇ, ಅರ್ಧ ತೀರ್ಮಾನಿಸಿಬಿಡುತ್ತವೆ.

ಲೈಕಾ ಎಂ3ಯಲ್ಲಿ 50, 90, 135ರ ಗೆರೆಗಳಿವೆ, 35 ಇಲ್ಲ. ಎಂ2ರಲ್ಲಿ 35 ಬಂತು. 28ರ ಗೆರೆ ಬಂದದ್ದು ಎಂ4-ಪಿ, ಎಂ6ಗಳ ಕಾಲಕ್ಕೆ. ಕನ್ನಡಕ ಹಾಕುವವರಿಗೆ ಆ ಬಾಡಿಗಳಲ್ಲಿ 28ರ ಗೆರೆಯ ಮೂಲೆಗಳು ಒಂದೇ ನೋಟಕ್ಕೆ ಕಾಣುವುದಿಲ್ಲ. ಎಂ3 ಇದ್ದವರಿಗಾಗಿಯೇ ಲೈಕಾ ತಯಾರಿಸುತ್ತಿದ್ದ ಲೈಟ್ಸ್ ಕಂಪನಿ 35 ಮಿ.ಮೀ. ಸುಮ್ಮರಾನ್, ಸುಮ್ಮಿಕ್ರಾನ್, ಸುಮ್ಮಿಲಕ್ಸ್ ಲೆನ್ಸುಗಳನ್ನು ಎರಡು ಗಾಜಿನ ಕಣ್ಣುಗಳ ಸಮೇತ ಮಾಡಿತು. ಆ ಕಣ್ಣುಗಳು 50ರ ಚೌಕಟ್ಟನ್ನು 35ರಷ್ಟು ಅಗಲ ಮಾಡುತ್ತವೆ, ಈ ಲೆನ್ಸುಗಳು 0.65 ಮೀಟರ್‌ವರೆಗೆ ಫೋಕಸ್ ಆಗುತ್ತವೆ. ಕಣ್ಣಿಲ್ಲದ ಲೆನ್ಸಿಗಿಂತ ಇವು ಸಾಮಾನ್ಯವಾಗಿ ಅಗ್ಗ. ಕಣ್ಣಿನ ಗಾಜುಗಳೊಳಗೂ ಮಬ್ಬು ಕಟ್ಟುತ್ತದೆ, ಬಿದ್ದು ಸೊಟ್ಟಗಾಗಿದ್ದರೆ ರೇಂಜ್‌ಫೈಂಡರ್ ಚಿತ್ರಗಳು ಒಂದರ ಮೇಲೊಂದು ಕೂರುವುದೇ ಇಲ್ಲ. ಅದನ್ನು ಅಂಗಡಿಯಲ್ಲೇ ನೋಡಿ.

ಕ್ಯಾನನ್ ಪಿ ಬಾಡಿಯಲ್ಲಿ 35, 50, 100 ಮೂರೂ ಗೆರೆಗಳು ಒಟ್ಟಿಗೇ ಕಾಣುತ್ತವೆ. ವಸ್ತು ಕಣ್ಣಿಗೆ ಕಾಣುವಷ್ಟೇ ದೊಡ್ಡದಾಗಿ ಕಾಣುವುದರಿಂದ ಎರಡೂ ಕಣ್ಣು ತೆರೆದು ತೆಗೆಯಬಹುದು, ಆದರೆ 35ರ ಗೆರೆ ಫೈಂಡರಿನ ಅಂಚಿಗೇ ಅಂಟಿಕೊಂಡಿದೆ. ಕ್ಯಾನನ್ 7ರಲ್ಲಿ ಗೆರೆಗಳನ್ನು ಒಂದೊಂದಾಗಿ ಆರಿಸಿಕೊಳ್ಳಬಹುದು. ಆ ಬಾಡಿಗೆ ಮೇಲೆ ಶೂ (ಪರಿಕರ ಸಿಕ್ಕಿಸುವ ತೋಡು) ಇಲ್ಲ, ಹಾಗಾಗಿ 28 ಹಾಕಿದರೆ ಬೇರೆ ಫೈಂಡರ್ ಸಿಕ್ಕಿಸಲು ಜಾಗವೇ ಇರುವುದಿಲ್ಲ. ಕ್ಯಾನನ್ ಮಾಡಿದ ಪ್ರತ್ಯೇಕ ಕಪ್ಲರ್ (ಶೂ ಇರುವ ಜೋಡಣೆ) ಬೇಕು. ನಂತರದ 7ಎಸ್‌ನಲ್ಲಿ ಶೂ ಇದೆ. ಝೋರ್ಕಿ-4, ಫೆಡ್-2ರಲ್ಲಿ ಗೆರೆಗಳೇ ಇಲ್ಲ, ಕಾಣುವುದೆಲ್ಲ ಸುಮಾರು 50ರ ನೋಟ. ಅಲ್ಲಿ 35ಕ್ಕೂ ಹೊರಗಿನ ಫೈಂಡರ್ ಬೇಕೇ ಬೇಕು.

ಹೊರಗಿನ ಫೈಂಡರಿನ ಖರ್ಚನ್ನು ಲೆನ್ಸಿನ ಬೆಲೆಗೆ ಮೊದಲೇ ಸೇರಿಸಿಕೊಳ್ಳಿ. ಲೈಟ್ಸ್‌ನ ಲೋಹದ ಫೈಂಡರುಗಳು, 35ಕ್ಕೆ ಎಸ್‌ಬಿಎಲ್‌ಒಒ, 28ಕ್ಕೆ ಎಸ್‌ಎಲ್‌ಒಒಝಡ್, ತುಂಬ ಚೆಂದ, ತುಂಬ ದುಬಾರಿ. 28, 35, 50, 85, 135 ಐದನ್ನೂ ತಿರುಗಿಸಿ ನೋಡುವ ಸೋವಿಯತ್ ಟರೆಟ್ ಫೈಂಡರ್ ಅಗ್ಗ, ಕೆಲಸಕ್ಕೆ ಸಾಕು. ಫೈಂಡರ್ ಲೆನ್ಸಿಗಿಂತ ಮೇಲಿರುವುದರಿಂದ ಒಂದು ಮೀಟರ್ ಹತ್ತಿರದಲ್ಲಿ ತೆಗೆದಾಗ ತಲೆ ಕತ್ತರಿಸಿಹೋಗುತ್ತದೆ. ಮೇಲ್ಭಾಗದಲ್ಲಿ ಜಾಗ ಬಿಟ್ಟು ಚೌಕಟ್ಟು ಹಾಕಿ.

35, 28, 21

35 ಮಿ.ಮೀ. ಲೆನ್ಸು ಕರ್ಣದಲ್ಲಿ ಸುಮಾರು 63 ಡಿಗ್ರಿ ನೋಡುತ್ತದೆ, 28 ಸುಮಾರು 75, 21 ಸುಮಾರು 92. ಮೊದಲ ವೈಡ್ ಲೆನ್ಸ್ 35 ಆಗಿರಲಿ ಎಂಬುದು ನಮ್ಮ ಸ್ಪಷ್ಟ ಸಲಹೆ. ಹೆಚ್ಚು ಬಾಡಿಗಳಲ್ಲಿ ಗೆರೆ ಇರುವುದು, ಹೆಚ್ಚು ಆಯ್ಕೆ ಇರುವುದು, ಮುಖಗಳನ್ನು ಅಂಚಿನಲ್ಲೂ ಎಳೆದು ವಿಕಾರ ಮಾಡದಿರುವುದು ಅದೇ. ಫೋರ್ಟ್, ಕಾಲಾಘೋಡಾದ ಕಟ್ಟಡಗಳೇ ನಿಮ್ಮ ಗುರಿಯಾದರೆ 28 ಆರಿಸಿ. 21ರಲ್ಲಿ ಕ್ಯಾಮೆರಾ ಸ್ವಲ್ಪ ಓರೆಯಾದರೂ ಗೋಡೆಗಳು ಒಳಕ್ಕೆ ವಾಲುತ್ತವೆ. ಫೈಂಡರಿನಲ್ಲಿ ಅದು ತಿಳಿಯುವುದಿಲ್ಲ, ನೆಗೆಟಿವ್‌ನಲ್ಲಿ ತಿಳಿಯುತ್ತದೆ.

ಅಗಲ ಹೆಚ್ಚಾದಂತೆ ಮೂಲೆಗಳು ಕಪ್ಪಾಗುತ್ತವೆ. ಮಧ್ಯದ ಎರಡೂ ಕಡೆ ಗಾಜು ಸಮವಾಗಿ ಹಂಚಿದ ರಚನೆಗಳಲ್ಲಿ ಇದು ಭೌತವಿಜ್ಞಾನದ ನಿಯಮ: 35ರಲ್ಲಿ ಮೂಲೆಗೆ ಸುಮಾರು ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), 21ರಲ್ಲಿ ಎರಡು ಸ್ಟಾಪ್ ಬೆಳಕು ಕಡಿಮೆ ಬೀಳುತ್ತದೆ. ಅಪರ್ಚರ್ ಕಿರಿದು ಮಾಡಿದರೂ ಇದು ಪೂರ್ತಿ ಹೋಗುವುದಿಲ್ಲ. ಕಪ್ಪುಬಿಳುಪು ನೆಗೆಟಿವ್ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ ತಾಳುವುದಿಲ್ಲ.

ಎಷ್ಟು ಅಪರ್ಚರ್ ಬೇಕು? 400 ಐಎಸ್‌ಒ ಫಿಲ್ಮ್ ಇಟ್ಟುಕೊಳ್ಳಿ. ನೆತ್ತಿಯ ಬಿಸಿಲಿಗೆ 1/500ರಲ್ಲಿ ಎಫ್/16, ಜುಲೈಯ ದಟ್ಟ ಮೋಡಕ್ಕೆ ಅದೇ ವೇಗದಲ್ಲಿ ಎಫ್/5.6. ಅಂದರೆ ಹಗಲಿಗೆ ಎಫ್/5.6 ಲೆನ್ಸೂ ಸಾಲುತ್ತದೆ. ಟ್ಯೂಬ್‌ಲೈಟಿನ ಹೋಟೆಲು ಅಥವಾ ರಾತ್ರಿಯ ಲೋಕಲ್ ಡಬ್ಬಿಯೊಳಗೆ ಅದೇ ಫಿಲ್ಮಿಗೆ ಹೆಚ್ಚುಕಡಿಮೆ ಎಫ್/2.8, 1/30 ಬೇಕಾಗುತ್ತದೆ. 35 ಮಿ.ಮೀ. ಅನ್ನು 1/30ರಲ್ಲಿ ಕೈಯಲ್ಲೇ ಹಿಡಿದು ತೆಗೆಯಬಹುದು. ಎಫ್/5.6 ಲೆನ್ಸಾದರೆ 1/8 ಆಗುತ್ತದೆ, ಚಲಿಸುವ ರೈಲಿನಲ್ಲಿ ಅದು ಆಗದ ಮಾತು. ಒಳಾಂಗಣ ತೆಗೆಯುವವರಿಗೆ ಎಫ್/2.8 ಸಾಕು. ಎಫ್/1.8, ಎಫ್/1.5ಕ್ಕೆ ಕೊಡುವ ಹೆಚ್ಚಿನ ಹಣ ನಿತ್ಯ ರಾತ್ರಿ ತೆಗೆಯುವವರಿಗೆ ಮಾತ್ರ ಸಾರ್ಥಕ.

ಬೀದಿಯಲ್ಲಿ ತೆಗೆಯುವವರು ರೇಂಜ್‌ಫೈಂಡರ್ ನೋಡದೆ ಅಳತೆಪಟ್ಟಿಯಿಂದಲೇ ಫೋಕಸ್ ಮಾಡುವುದು ವೈಡ್ ಲೆನ್ಸಿನ ದೊಡ್ಡ ಸುಖ. 35 ಮಿ.ಮೀ. ಅನ್ನು ಎಫ್/8ರಲ್ಲಿ 5 ಮೀಟರಿಗೆ ಇಟ್ಟರೆ ಸುಮಾರು 2.5 ಮೀಟರಿನಿಂದ ಕೊನೆಯವರೆಗೆ ಸ್ಪಷ್ಟ. 28 ಆದರೆ ಎಫ್/8ರಲ್ಲಿ 3.3 ಮೀಟರಿಗೆ ಇಟ್ಟು 1.7 ಮೀಟರಿನಿಂದ ಆಚೆಗೆಲ್ಲ. ಅಳತೆಪಟ್ಟಿ ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ಕೊಳ್ಳುವಾಗ ನೋಡಿ, ಎರಡೂ ಬಗೆ ಸಿಗುತ್ತವೆ.

ಯಾವ ಲೆನ್ಸುಗಳು

ಕಡಿಮೆ ಬೆಲೆಗೆ ಮೊದಲು ಕೈಗೆಟುಕುವುದು ಜೂಪಿಟರ್-12, 35 ಮಿ.ಮೀ. ಎಫ್/2.8. ಜರ್ಮನ್ ವಿನ್ಯಾಸಕ ಲುಡ್ವಿಗ್ ಬರ್ಟೆಲೆ ಝೈಸ್ ಕಂಪನಿಗಾಗಿ ರೂಪಿಸಿದ ಯುದ್ಧಪೂರ್ವ ಬಿಯೊಗಾನ್‌ನ ಸೋವಿಯತ್ ಮುಂದುವರಿಕೆ ಇದು: ನಾಲ್ಕು ಗುಂಪಿನಲ್ಲಿ ಆರು ಗಾಜು. ಮಧ್ಯಭಾಗ ಎಫ್/2.8ರಲ್ಲೇ ಚೂಪು, ಗೆರೆಗಳು ನೇರ. ಇದರ ತೊಂದರೆಗಳೂ ಇದರದೇ. ಹಿಂದಿನ ಗಾಜು ದೊಡ್ಡದಾಗಿ ಉಬ್ಬಿ ಬಾಡಿಯ ಒಳಕ್ಕೆ ಇಳಿಯುತ್ತದೆ. ಮೇಜಿನ ಮೇಲೆ ಹಿಂಭಾಗ ಕೆಳಗೆ ಮಾಡಿ ಇಟ್ಟರೆ ಗಾಜೇ ಮೇಜಿಗೆ ತಾಗುತ್ತದೆ. ಅದಕ್ಕೆ ಆಳವಾದ ಹಿಂಮುಚ್ಚಳ ಬೇಕು. ಮಾಮೂಲಿ ಚಪ್ಪಟೆ ಮುಚ್ಚಳ ಹಾಕಿ ಕೊಟ್ಟಿದ್ದರೆ ಗಾಜಿನ ನಡುವೆ ಉಜ್ಜಿದ ಗುರುತಿದೆಯೇ ನೋಡಿ. ಅಪರ್ಚರ್ ಉಂಗುರ ಮುಂದಿನ ಗಾಜಿನ ಸುತ್ತಲೇ ಇದೆ, ಕ್ಲಿಕ್ ಇಲ್ಲ, ಕ್ಯಾಮೆರಾವನ್ನು ತಿರುಗಿಸಿ ಮುಂದಿನಿಂದ ನೋಡಿಯೇ ಇಡಬೇಕು. ಫಿಲ್ಟರ್ 40.5 ಮಿ.ಮೀ.

ಜೂಪಿಟರ್-12 ತಿರುಪಿನಲ್ಲೂ ಕೀವ್ ಬಯೊನೆಟ್ಟಿನಲ್ಲೂ ಇದೆ, ಕೇಳಿ ಕೊಳ್ಳಿ. ಯುದ್ಧಾನಂತರದ ಕಾಂಟ್ಯಾಕ್ಸ್ ಐಐಎ, ಐಐಐಎ ಬಾಡಿಗಳಿಗೆ ಇದು ಕೂರುವುದಿಲ್ಲ, ಹಿಂಗಾಜು ಒಳಗೆ ತಾಗುತ್ತದೆ. ಲೈಕಾ ಎಂ5 ಮತ್ತು ಸಿಎಲ್‌ನಲ್ಲಿ ಮೀಟರಿನ ತೋಳು ಶಟರಿನ ಮುಂದೆ ಏಳುತ್ತದೆ. ಹಿಂಭಾಗ ಆಳವಾಗಿ ಇಳಿಯುವ ಯಾವ ಲೆನ್ಸನ್ನೂ ಅವಕ್ಕೆ ಹಾಕಬೇಡಿ. ಬೇರೆ ಬಾಡಿಗಳಲ್ಲೂ ಮೊದಲ ಸಲ ನಿಧಾನ ತಿರುಗಿಸಿ, ತಡೆ ಸಿಕ್ಕಿದ ಕಡೆ ನಿಲ್ಲಿಸಿ. ಲೈಕಾ ತಿರುಪಿನಲ್ಲಿ «ಕಾರ್ಲ್ ಝೈಸ್ ಯೇನಾ ಬಿಯೊಗಾನ್» ಎಂದು ಬರೆದು ದೊಡ್ಡ ಬೆಲೆ ಹೇಳಿದರೆ, ಅದು ಹೆಸರಿನ ಉಂಗುರ ಬದಲಿಸಿದ ಜೂಪಿಟರ್-12 ಆಗಿರುವ ಸಂಭವವೇ ಹೆಚ್ಚು.

ಕ್ಯಾನನ್‌ನ ತಿರುಪಿನ ಲೆನ್ಸುಗಳು ಬೆಲೆಗೂ ಗುಣಕ್ಕೂ ಒಳ್ಳೆಯ ಹೊಂದಾಣಿಕೆ. 35 ಮಿ.ಮೀ.ನಲ್ಲಿ 1951ರ ಎಫ್/2.8, 1956ರ ಎಫ್/1.8, 1958ರ ಎಫ್/1.5, 1962ರ ಎಫ್/2 ಇವೆ. ಎಫ್/2 ಪುಟ್ಟದು, ಹಗುರ, ಕಾಂಟ್ರಾಸ್ಟ್ ಚೆನ್ನ. ಈ ಸಾಲಿನಲ್ಲಿ ಒಂದನ್ನೇ ಆರಿಸು ಎಂದರೆ ಅದನ್ನೇ ಆರಿಸಬೇಕು. ಎಫ್/2.8 ಅದಕ್ಕಿಂತ ಅಗ್ಗ, ಲೋಹದ ಭಾರದ ಕೆಲಸ. 28 ಮಿ.ಮೀ.ನಲ್ಲಿ ಎಫ್/3.5 ಮತ್ತು 1957ರ ಎಫ್/2.8 ಎರಡೂ ಚಿಕ್ಕವು, ಕಟ್ಟಡ ತೆಗೆಯುವವರಿಗೆ ಹಿಡಿಸುತ್ತವೆ. ಇವುಗಳ ಸಾಮಾನ್ಯ ಕಾಯಿಲೆ ಅಪರ್ಚರ್ ಅಕ್ಕಪಕ್ಕದ ಗಾಜಿನ ಮೇಲಿನ ಮಬ್ಬು. ಫಿಲ್ಟರ್ ಅಳತೆ ಹಲವದಕ್ಕೆ 40 ಮಿ.ಮೀ. ಇದೆ, 40.5ರ ಫಿಲ್ಟರ್ ಅದಕ್ಕೆ ಕೂರುವುದಿಲ್ಲ.

ಲೈಟ್ಸ್‌ನ 35 ಮಿ.ಮೀ. ಸುಮ್ಮರಾನ್ ಎಫ್/3.5 ಆ ಹೆಸರಿಗೆ ಕಡಿಮೆ ಬೆಲೆಯ ಬಾಗಿಲು. ಎಫ್/5.6, ಎಫ್/8ರಲ್ಲಿ ಇದರ ಚಿತ್ರಕ್ಕೆ ಕೊರತೆ ಹೇಳಲು ಬರುವುದಿಲ್ಲ. ಆದರೆ ಇದರಲ್ಲಿ ಒಳಮಬ್ಬು ಅತಿ ಸಾಮಾನ್ಯ. ಮಬ್ಬಿಲ್ಲದ ಸುಮ್ಮರಾನ್ ಸಿಕ್ಕಿದರೆ ಚೌಕಾಸಿಗೆ ಹೆಚ್ಚು ಹೊತ್ತು ಕಳೆಯಬೇಡಿ. 1930ರ 35 ಮಿ.ಮೀ. ಎಲ್ಮಾರ್ ಇನ್ನೂ ಚಿಕ್ಕದು, ಮೂಲೆಗಳು ಮೆತ್ತಗೆ, ಯುದ್ಧಪೂರ್ವದವುಗಳಿಗೆ ಕೋಟಿಂಗ್ (ಪ್ರತಿಫಲನ ತಗ್ಗಿಸುವ ಲೇಪ) ಇಲ್ಲ. ಕೋಟಿಂಗ್ ಇಲ್ಲದ ಲೆನ್ಸನ್ನು ಮರೀನ್ ಡ್ರೈವಿನ ಸಂಜೆಯ ಎದುರುಬೆಳಕಿಗೆ ಹಿಡಿದರೆ ನೆರಳೆಲ್ಲ ಬೂದಿಯಾಗುತ್ತದೆ, ಹುಡ್ (ಅಡ್ಡ ಬೆಳಕು ತಡೆಯುವ ಮರೆ) ಇಲ್ಲದೆ ಆಗದು. 1958ರ ಸುಮ್ಮಿಕ್ರಾನ್ 35 ಎಫ್/2, ಎಂಟು ಗಾಜಿನದು, ಈಗ ಸಂಗ್ರಹಕಾರರ ಬೆಲೆಗೆ ಹೋಗಿದೆ. ನಿಕಾನ್‌ನ ಡಬ್ಲ್ಯು-ನಿಕ್ಕೋರ್ 35 ಎಫ್/2.5 ತಿರುಪಿನಲ್ಲೂ ಬಂದಿದೆ, ಎಲ್ಲಾದರೂ ಕಂಡರೆ ಖಂಡಿತ ಪರೀಕ್ಷಿಸಿ ನೋಡಿ.

28ರಲ್ಲಿ ಸೋವಿಯತ್ ಓರಿಯಾನ್-15, ಎಫ್/6. ನಾಲ್ಕೇ ಗಾಜು, ನಿಧಾನ, ಆದರೆ ಗೆರೆ ಬಾಗುವುದಿಲ್ಲ, ಮೂಲೆಯವರೆಗೂ ಸ್ಪಷ್ಟ. ಹಗಲಿನ ವಾಸ್ತುಚಿತ್ರಣಕ್ಕೆ ಇದಕ್ಕಿಂತ ಚಿಕ್ಕ, ಪ್ರಾಮಾಣಿಕ ಲೆನ್ಸ್ ಕಡಿಮೆ. 20 ಮಿ.ಮೀ. ರುಸ್ಸಾರ್ ಎಂಆರ್-2 ಎಫ್/5.6 ಮಿಖಾಯಿಲ್ ರುಸಿನೋವ್ ರೂಪಿಸಿದ್ದು. 21ರಲ್ಲಿ ಸೂಪರ್-ಆಂಗುಲಾನ್ ಎಫ್/4, ಎಫ್/3.4 ಎರಡೂ ಅದ್ಭುತ, ಆದರೆ ಹಿಂಗಾಜು ಶಟರಿನ ಹತ್ತಿರಕ್ಕೇ ಹೋಗುವುದರಿಂದ ಎಂ6ರಂಥ ಬಾಡಿಯ ಒಳಮೀಟರ್ ಸರಿಯಾದ ಅಳತೆ ಕೊಡುವುದಿಲ್ಲ. ಕೈಮೀಟರ್ ಬಳಸಿ. ಸಿಎಲ್‌ಇ ಬಾಡಿಗೆಂದು ಬಂದ ಮಿನೋಲ್ಟಾ ಎಂ-ರೊಕ್ಕೋರ್ 28 ಎಫ್/2.8 ಕಂಡರೆ ಟಾರ್ಚ್ ಹಿಡಿದು ಮುಂದಿನ ಗಾಜುಗಳನ್ನು ನೋಡಿ. ಸಣ್ಣ ಬಿಳಿ ಚುಕ್ಕೆಗಳ ಕಾಯಿಲೆಗೆ ಅದು ಹೆಸರುವಾಸಿ.

ಅಂಗಡಿಯಲ್ಲಿ ಹೇಗೆ ಪರೀಕ್ಷಿಸಬೇಕು

ಬೋರಾ ಬಜಾರ್ ಮತ್ತು ಡಿ.ಎನ್. ರೋಡ್ ಸುತ್ತಲಿನ ಕ್ಯಾಮೆರಾ ಅಂಗಡಿಗಳಿರಲಿ, ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಹಳೆ ಸಾಮಾನಿನ ಅಂಗಡಿಗಳಿರಲಿ, ಜೊತೆಗೆ ನಿಮ್ಮ ಬಾಡಿ, ಒಂದು ಚಿಕ್ಕ ಎಲ್‌ಇಡಿ ಟಾರ್ಚ್, ಗಾಳಿ ಊದುವ ರಬ್ಬರ್ ಬಲೂನ್, ಮೈಕ್ರೋಫೈಬರ್ ಬಟ್ಟೆ ಒಯ್ಯಿರಿ. ಹಗಲಲ್ಲೇ ಹೋಗಿ. ಪರೀಕ್ಷೆಗೆ ಹತ್ತು ನಿಮಿಷ ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಎರಡೂ ಮುಚ್ಚಳ ತೆಗೆದು ಅಪರ್ಚರನ್ನು ಪೂರ್ತಿ ತೆರೆಯಿರಿ. ಲೆನ್ಸನ್ನು ಕಿಟಕಿಯತ್ತ ಹಿಡಿದು ಅದರ ಮೂಲಕ ನೋಡಿದರೆ ಎಲ್ಲ ಲೆನ್ಸೂ ಚೆನ್ನಾಗಿಯೇ ಕಾಣುತ್ತದೆ, ಅದು ಪರೀಕ್ಷೆಯಲ್ಲ. ಟಾರ್ಚನ್ನು ಹಿಂದಿನ ಗಾಜಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ಇನ್ನೊಂದು ಕಡೆಯಿಂದ. ಈಗ ಮೂರು ಬೇರೆ ಬೇರೆ ರೋಗಗಳನ್ನು ಬೇರ್ಪಡಿಸಬೇಕು.

ಜೇಡನ ಬಲೆಯ ಹಾಗೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಅಂಚಿನಲ್ಲಿ ಒಂದೆರಡು ಎಳೆಯಿದ್ದರೆ ಮೆಕ್ಯಾನಿಕ್ ಬಿಚ್ಚಿ ತೆಗೆಯಬಹುದು. ಆದರೆ ಫಂಗಸ್ ಬೆಳೆಯುವಾಗ ಹೊರಬಿಡುವ ಆಮ್ಲ ಕೋಟಿಂಗನ್ನೂ ಗಾಜನ್ನೂ ಕೊರೆಯುತ್ತದೆ, ತೊಳೆದ ಮೇಲೂ ಆ ಗುರುತು ಉಳಿಯುತ್ತದೆ. ನಡುಭಾಗಕ್ಕೆ ಹಬ್ಬಿದ ಫಂಗಸ್ ಇರುವ ಲೆನ್ಸನ್ನು ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.

ಉಸಿರು ಬಿಟ್ಟಂತೆ ಒಂದೇ ಸಮನಾದ ತೆಳು ಬಿಳಿ ಪೊರೆ ಇದ್ದರೆ ಅದು ಮಬ್ಬು. ಹಳೆಯ ಗ್ರೀಸಿನ ಎಣ್ಣೆ ಆವಿಯಾಗಿ ಅಪರ್ಚರ್ ಪಕ್ಕದ ಗಾಜಿನ ಮೇಲೆ ಕೂತು ಹೀಗಾಗುತ್ತದೆ. ಹೊಸದಾಗಿದ್ದರೆ ಒರೆಸಿದಾಗ ಹೋಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಗಾಜನ್ನೇ ಕಚ್ಚಿ ಹಿಡಿಯುತ್ತದೆ. ಅದು ಯಾವುದು ಎಂದು ಬಿಚ್ಚದೆ ಹೇಳಲು ಯಾರಿಗೂ ಸಾಧ್ಯವಿಲ್ಲ. «ಸರ್ವಿಸ್ ಮಾಡಿದರೆ ಹೋಗುತ್ತೆ» ಎಂದರೆ ಸರ್ವಿಸ್ ಮಾಡಿಸಿಯೇ ಕೊಡಲು ಹೇಳಿ.

ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣ ಅಥವಾ ಎಣ್ಣೆಕಲೆಯಂಥ ಹೊಳಪು ಬಂದಿದ್ದರೆ ಎರಡು ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಟ್ಟಿದೆ ಎಂದರ್ಥ. ಅದನ್ನು ಮತ್ತೆ ಅಂಟಿಸುವುದು ಲೆನ್ಸಿನ ಬೆಲೆಯನ್ನೂ ಮೀರುವ ಕೆಲಸ.

ಒಳಗಿನ ನಾಲ್ಕಾರು ಧೂಳಿನ ಕಣಕ್ಕೆ ತಲೆಕೆಡಿಸಿಕೊಳ್ಳಬೇಡಿ. ಮುಂದಿನ ಗಾಜಿನ ನವಿರು ಗೀರುಗಳು ಎದುರುಬೆಳಕಿನಲ್ಲಿ ಮಾತ್ರ ಕಾಂಟ್ರಾಸ್ಟ್ ಇಳಿಸುತ್ತವೆ, ಹುಡ್ ಹಾಕಿದರೆ ಬಹುಪಾಲು ಸರಿ. ಹಿಂದಿನ ಗಾಜಿನ ಗೀರು ಹೆಚ್ಚು ಕೆಟ್ಟದ್ದು. ಬ್ಲೇಡಿನ ಮೇಲಿನ ಎಣ್ಣೆ ಎಸ್‌ಎಲ್‌ಆರ್ ಲೆನ್ಸಿನಲ್ಲಿ ಅಪರ್ಚರನ್ನು ನಿಧಾನ ಮಾಡುತ್ತದೆ. ಇಲ್ಲಿ ಅಪರ್ಚರನ್ನು ಕೈಯಿಂದಲೇ ತಿರುಗಿಸುವುದರಿಂದ ಅದೇ ದೋಷವಲ್ಲ, ಆದರೆ ನಾಳೆ ಮಬ್ಬಾಗುವ ಎಣ್ಣೆ ಅದೇ. ಬೆಲೆ ಇಳಿಸಲು ಹೇಳಬಹುದು.

ಈಗ ಫೋಕಸ್ ಉಂಗುರ. ಕೊನೆಯಿಂದ ಕೊನೆಗೆ ಒಂದೇ ಬಿಗಿಯಲ್ಲಿ ತಿರುಗಬೇಕು. ಲೈಟ್ಸ್, ಕ್ಯಾನನ್ ಲೆನ್ಸು ಅನಂತದಲ್ಲಿ (ಅತಿ ದೂರದ ಫೋಕಸ್) ಸಿಕ್ಕಿಕೊಂಡಂತಾದರೆ ಬಲ ಹಾಕಬೇಡಿ. ಹಲವದಕ್ಕೆ ಅಲ್ಲಿ ಲಾಕ್ ಇದೆ, ಗುಂಡಿ ಒತ್ತಿ ಬಿಡಿಸಬೇಕು. ಸೋವಿಯತ್ ಲೆನ್ಸುಗಳ ಗ್ರೀಸ್ ಗಟ್ಟಿಯಾಗುತ್ತದೆ. ತಿರುಪಿನ ಮೌಂಟಿನಲ್ಲಿ ಇದು ಬರಿಯ ಕಿರಿಕಿರಿಯಲ್ಲ: ಫೋಕಸ್ ಮಾಡಲು ತಿರುಗಿಸಿದಾಗ ಲೆನ್ಸೇ ಬಾಡಿಯಿಂದ ಬಿಚ್ಚಿಕೊಳ್ಳುತ್ತದೆ. ಮುಂಭಾಗ ಹಿಡಿದು ಅಲುಗಿಸಿದರೆ ಗಡಗಡ ಎನ್ನಬಾರದು. ಹೆಸರಿನ ಉಂಗುರದ ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ತಿಳಿಯದವರು ಬಿಚ್ಚಿದ್ದಾರೆ, ಗಾಜುಗಳು ಓರೆಯಾಗಿ ಕೂತಿರಬಹುದು.

ಬಾಡಿಯ ಮೇಲೆ, ರೀಲಿನ ಮೇಲೆ

ಲೆನ್ಸನ್ನು ಬಾಡಿಗೆ ಹಾಕಿ ಅನಂತಕ್ಕೆ ತಿರುಗಿಸಿ, ತುಂಬಾ ದೂರದ ಕಟ್ಟಡವನ್ನು ನೋಡಿ. ಗಿರಗಾಂವ್ ಚೌಪಾಟಿಯಿಂದ ನರಿಮನ್ ಪಾಯಿಂಟಿನ ಗೋಪುರಗಳು, ದಾದರ್ ಕಡಲತೀರದಿಂದ ವರ್ಲಿ ಸೀ ಲಿಂಕಿನ ಕಂಬಗಳು ಇದಕ್ಕೆ ಹೇಳಿಮಾಡಿಸಿದ ಗುರಿ. ರೇಂಜ್‌ಫೈಂಡರಿನ ಎರಡು ಚಿತ್ರಗಳು ಸರಿಯಾಗಿ ಒಂದಾಗಬೇಕು. ಬೇರೆ ಲೆನ್ಸಿನಲ್ಲೂ ಒಂದಾಗದಿದ್ದರೆ ತಪ್ಪು ಬಾಡಿಯದು, ಇದರಲ್ಲಿ ಮಾತ್ರ ಆಗದಿದ್ದರೆ ಲೆನ್ಸಿನದು.

ಎರಡು ಚಿತ್ರ ಒಂದಾದ ಮಾತ್ರಕ್ಕೆ ಫಿಲ್ಮಿನ ಮೇಲೆ ಸ್ಪಷ್ಟ ಬಿದ್ದಿದೆ ಎಂದಲ್ಲ. ವೈಡ್ ಲೆನ್ಸ್ ಎಲ್ಲ ತಪ್ಪನ್ನೂ ಮುಚ್ಚುತ್ತದೆ ಎಂಬ ನಂಬಿಕೆ ಇದೆ. ವಸ್ತುವಿನ ದೂರದ ತಪ್ಪನ್ನು ಮುಚ್ಚುತ್ತದೆ, ಮೌಂಟಿನ ದೂರದ ತಪ್ಪನ್ನಲ್ಲ. ಅಗ್ಗದ ಅಡಾಪ್ಟರ್ 0.05 ಮಿ.ಮೀ. ದಪ್ಪ ಜಾಸ್ತಿ ಇದ್ದರೆ, ಅನಂತಕ್ಕೆ ಇಟ್ಟ 35 ಮಿ.ಮೀ. ಲೆನ್ಸು ನಿಜಕ್ಕೆ ಸುಮಾರು 25 ಮೀಟರಿಗೆ ಫೋಕಸ್ ಆಗಿರುತ್ತದೆ, 21 ಮಿ.ಮೀ. ಆದರೆ ಸುಮಾರು 9 ಮೀಟರಿಗೆ. ಎಫ್/8ರಲ್ಲಿ ಇದು ತೋರುವುದಿಲ್ಲ, ಎಫ್/2.8ರಲ್ಲಿ ದೊಡ್ಡ ಪ್ರಿಂಟಿನಲ್ಲಿ ತೋರುತ್ತದೆ. ಕ್ಯಾನನ್ ಪಿ, ಕ್ಯಾನನ್ 7, ಝೋರ್ಕಿ-4ರಂತೆ ಬೆನ್ನು ತೆರೆಯುವ ಬಾಡಿಯಾದರೆ ಫಿಲ್ಮ್ ಕೂರುವ ಒಳ ಹಳಿಗಳ ಮೇಲೆ ನುಣುಪಿಲ್ಲದ ಅರೆಪಾರದರ್ಶಕ ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, ಶಟರನ್ನು ಬಿ (ಒತ್ತಿದಷ್ಟು ಹೊತ್ತು ತೆರೆದಿರುವ ಸ್ಥಿತಿ) ಮೇಲೆ ಕೇಬಲ್ ರಿಲೀಸಿನಿಂದ ತೆರೆದು ಹಿಡಿದು, ಭೂತಗಾಜಿನಿಂದ ಆ ಟೇಪಿನ ಮೇಲಿನ ಚಿತ್ರ ನೋಡಿ. ಅಡಿಯಿಂದ ಫಿಲ್ಮ್ ಹಾಕುವ ಹಳೆಯ ಲೈಕಾಗಳಲ್ಲಿ ಇದು ಆಗುವುದಿಲ್ಲ, ರೀಲೇ ಗತಿ. ಝೋರ್ಕಿ, ಫೆಡ್‌ಗಳಲ್ಲಿ ಶಟರ್ ವೇಗ ಬದಲಿಸುವ ಮೊದಲು ರೀಲು ಎಳೆದಿರಬೇಕು ಎಂಬುದನ್ನು ಮರೆಯಬೇಡಿ.

ಹಿಂದಿರುಗಿಸಲು ಒಂದು ವಾರ ಕೇಳಿ ಒಂದು ರೀಲು ತೆಗೆಯಿರಿ. ಕಿಟಕಿ ಸರಳು ಅಥವಾ ಇಟ್ಟಿಗೆ ಗೋಡೆಯಂಥ ಸಮತಟ್ಟಾದದ್ದನ್ನು ಎದುರಿನಿಂದ ನೇರವಾಗಿ, ಟ್ರೈಪಾಡಿನ ಮೇಲಿಟ್ಟು, ಪೂರ್ತಿ ತೆರೆದ ಅಪರ್ಚರಿನಲ್ಲಿ ಒಮ್ಮೆ, ಎಫ್/8ರಲ್ಲಿ ಒಮ್ಮೆ. ನಾಲ್ಕೂ ಮೂಲೆ ಸಮವಾಗಿ ಮೆತ್ತಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದೇ ಕಡೆ ಮೆತ್ತಗಿದ್ದರೆ ಗಾಜು ಓರೆಯಾಗಿ ಕೂತಿದೆ, ವಾಪಸು ಮಾಡಿ. ಒಂದು ಮೀಟರಿನಲ್ಲಿ ಓರೆ ಇಟ್ಟ ಪತ್ರಿಕೆಯ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ, ಯಾವ ಸಾಲು ಚೂಪಾಗಿದೆ ಎಂದು ಆಮೇಲೆ ನೋಡಬಹುದು. ದೂರದ ಗೋಪುರಗಳದ್ದೊಂದು, ಎದುರುಬೆಳಕಿನದ್ದೊಂದು. ಲ್ಯಾಬಿನವರು ಕೊಡುವ ಚಿಕ್ಕ ಸ್ಕ್ಯಾನಿನಿಂದ ತೀರ್ಪು ಬೇಡ, ನೆಗೆಟಿವನ್ನೇ ಲೂಪಿನಲ್ಲಿ (ಚಿಕ್ಕ ಭೂತಗಾಜು) ನೋಡಿ. ಹತ್ತಿರ, ದೂರ ಎರಡೂ ಒಂದೇ ದಿಕ್ಕಿಗೆ ತಪ್ಪಿದ್ದರೆ ಮೆಕ್ಯಾನಿಕ್ ಒಳಗಿನ ತೆಳು ಶಿಮ್ (ದಪ್ಪ ಸರಿಹೊಂದಿಸುವ ಉಂಗುರ) ಬದಲಿಸಿ ಸರಿಮಾಡಬಹುದು.

ತಂದ ಮೇಲೆ

ಹಳೆಯ ಚರ್ಮದ ಕೇಸಿನಲ್ಲಿ ಲೆನ್ಸನ್ನು ಇಡಲೇಬೇಡಿ, ಚರ್ಮ ತೇವ ಹೀರಿ ಫಂಗಸ್ ಸಾಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯ ತೇವ ಶೇಕಡಾ 80 ದಾಟುವುದು ಸಾಮಾನ್ಯ. ಲೆನ್ಸಿಗೆ ಬೇಕಾದ್ದು 40ರಿಂದ 50. ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಇದ್ದರೆ ಉತ್ತಮ. ಇಲ್ಲದಿದ್ದರೆ ರಬ್ಬರ್ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬಿ, ಕಾಲು ಕಿಲೋ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಬಣ್ಣ ಬದಲಾದ ಜೆಲ್ಲನ್ನು ಅವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ತೇವ 30ಕ್ಕಿಂತ ಕೆಳಗಿಳಿಯದಿರಲಿ, ಗ್ರೀಸ್ ಒಣಗುತ್ತದೆ. ಎಸಿ ಕೋಣೆಯಿಂದ ಹೊರಗೆ ಹೋಗುವಾಗ ಚೀಲದ ಜಿಪ್ ಮುಚ್ಚಿಯೇ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ತಂಪು ಗಾಜಿನ ಮೇಲೆ ನೀರು ಕಟ್ಟುತ್ತದೆ.

ಬಟ್ಟೆಯ ಶಟರ್ ಇರುವ ಲೈಕಾ, ಝೋರ್ಕಿ, ಫೆಡ್‌ಗಳಲ್ಲಿ ಲೆನ್ಸು ಸೂರ್ಯನತ್ತ ಮುಖ ಮಾಡಿ ಕೂತರೆ ಪರದೆಯಲ್ಲಿ ಸೂಜಿತೂತು ಸುಡುತ್ತದೆ. ಎದುರಿಗೆ ಕನ್ನಡಿಯ ಅಡ್ಡವಿಲ್ಲ. ಕುತ್ತಿಗೆಗೆ ಹಾಕಿಕೊಂಡು ನಡೆಯುವಾಗ ಮುಚ್ಚಳ ಹಾಕಿ, ಇಲ್ಲವೇ ಕೆಳಮುಖ ಮಾಡಿ ಹಿಡಿಯಿರಿ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಲೆನ್ಸನ್ನು ತೆಗೆದು ಟಾರ್ಚಿನಲ್ಲಿ ನೋಡಿ, ಫೋಕಸ್ ಮತ್ತು ಅಪರ್ಚರ್ ಉಂಗುರಗಳನ್ನು ಪೂರ್ತಿ ತಿರುಗಿಸಿ, ಅರ್ಧ ದಿನ ಬೆಳಕಿರುವ ಕಡೆ ಇಡಿ, ನೇರ ಬಿಸಿಲು ಬೇಡ. ಒಂದು ಎಳೆ ಕಂಡರೂ ಆ ಲೆನ್ಸನ್ನು ಉಳಿದವುಗಳ ಡಬ್ಬಿಯಿಂದ ಬೇರೆ ಮಾಡಿ, ಅದೇ ವಾರ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಎಳೆ ಅಂಚಿನಲ್ಲಿರುವಾಗಲೇ ತೆಗೆಸಿದರೆ ಗಾಜು ಉಳಿಯುತ್ತದೆ.